ಗೋಡೆ ಒಡೆದರೂ ಬಾರದ ಮೆಷಿನ್ನು

"ಅಮ್ಮಾ, ನಾನು ಕಳ್ಳಿ ಅಲ್ಲ ಅಂತ ನಾಳೆ ಮಧ್ಯಾಹ್ನದೊಳಗೆ ನೀವು ತೋರಿಸಿಕೊಡಬೇಕು."

ಹೊಸ್ತಿಲು ದಾಟಿದವಳೇ ಆ ಹೆಂಗಸು ಆಡಿದ ಮೊದಲ ಮಾತು ಇದು. ಕುರ್ಚಿ ತೋರಿಸಿದರೂ ಕೂರದೆ, ಗೋಡೆಗೊರಗಿ ನೆಲದ ಮೇಲೇ ಕುಸಿದಳು. ಹಿಂದೆಯೇ ಬಂದ ವಯಸ್ಸಾದ ಗಂಡಸು ಅವಳ ತಲೆಯ ಮೇಲೆ ಕೈಯಿಟ್ಟು, "ಅಳಬೇಡ ಪುಟ್ಟಿ, ಅಮ್ಮ ಏನಾದ್ರೂ ದಾರಿ ಹೇಳ್ತಾರೆ" ಎಂದ. ನಾನು ಕಾಫಿ ಲೋಟ ಹಿಡಿದವನು ಹಿಡಿದಂತೆಯೇ ನಿಂತೆ. ಬೆಳಗ್ಗೆದ್ದು ಯಾರಾದರೂ ಮನೆಗೆ ಬಂದು ಅತ್ತರೆ ನನಗೆ ಕೈಕಾಲೇ ಆಡುವುದಿಲ್ಲ.

ಆಕೆ ಅಮ್ಮಾ ಎಂದದ್ದು ನನ್ನ ಅತ್ತೆಯನ್ನು, ಎಂದರೆ ನನ್ನ ಹೆಂಡತಿಯ ತಾಯಿಯನ್ನು. ಬಹಳ ಕಾಲ ಹಳೇ ಸಾಮಾನಿನ ಅಂಗಡಿ ನಡೆಸಿದವರು. ಕೊಳ್ಳುವವರ ಸುಳ್ಳು, ಮಾರುವವರ ಸುಳ್ಳು ಎರಡನ್ನೂ ಕೇಳಿ ಕೇಳಿ ಕಿವಿ ಪಳಗಿಸಿಕೊಂಡು, ಈಗ ಮಂಡಿನೋವಿನ ನೆಪದಲ್ಲಿ ಕಿಟಕಿಯ ಪಕ್ಕದ ಕುರ್ಚಿ ಹಿಡಿದಿದ್ದಾರೆ. ಪೇಟೆಯಲ್ಲಿ ಏನು ಕಳೆದರೂ ಯಾರು ಮೋಸಹೋದರೂ ಜನ ಬರುವುದು ಆ ಕುರ್ಚಿಯ ಬುಡಕ್ಕೇ. ನಾನು ಮನೆಅಳಿಯ, ಕೆಳಗಿನ ಬೀದಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಅಳಿಯನಿಗೆ ಯಾವ ಕಾಲವೂ ಇಲ್ಲ, ಅವನಿಗಿರುವುದು ಅತ್ತೆಯನ್ನು ಕೂರಿಸಿಕೊಂಡು ತಿರುಗುವ ಸ್ಕೂಟರ್ ಒಂದೇ.

"ಮೊದಲು ಕಾಫಿ ಕುಡಿ, ಆಮೇಲೆ ಹೇಳು" ಎಂದರು ಅತ್ತೆ. ನನ್ನ ಲೋಟ ಆಕೆಯ ಕೈ ಸೇರಿತು.

ಅವಳನ್ನು ಜೊತೆಯವರು ಸೂಜಿ ಎಂದು ಕರೆಯುತ್ತಾರಂತೆ. ಪುಸ್ತಕದ ಹಾಳೆಗಳನ್ನು ಹೊಲಿಯುವ ಕೆಲಸ ಅವಳದು, ಆಳೂ ಸೂಜಿಯಷ್ಟೇ ತೆಳ್ಳಗೆ. ಐದು ಜನ ಹೆಂಗಸರು ಪಾಲುದಾರರಾಗಿ ಒಂದು ಬೈಂಡಿಂಗ್ ಶೆಡ್ ನಡೆಸುತ್ತಿದ್ದರು. ಜೊತೆಗೆ ಬಂದಿದ್ದವನು ಅವಳ ಸೋದರಮಾವ; ಅಪ್ಪನಿಲ್ಲದ ಅವಳನ್ನು ಸಾಕಿ ಬೆಳೆಸಿದವನು, ಶೆಡ್ಡಿನಲ್ಲಿ ಸಂಬಳಕ್ಕೆ ಪೇಪರ್ ಕಟಿಂಗ್ ಮೆಷಿನ್ನು ನಡೆಸುವವನು.

"ಶಾಲೆ ಪುಸ್ತಕದ ದೊಡ್ಡ ಆರ್ಡರ್ ಬಂತಮ್ಮ. ಒಂದು ಕಟಿಂಗ್ ಮೆಷಿನ್ನು ಸಾಲಲ್ಲ ಅಂತ ಆನ್‌ಲೈನ್‌ನಲ್ಲಿ ಹಳೇದೊಂದು ಹುಡುಕಿದೆ. ನಮ್ಮ ಹತ್ರ ಇರೋ ಕಂಪನೀದೇ, ಅದೇ ಸೈಜು. ನಮ್ಮ ಬ್ಲೇಡುಗಳೇ ಅದಕ್ಕೂ ಆಗುತ್ತೆ ಅಂತ ಎಲ್ಲರಿಗೂ ಖುಷಿ. ಒಬ್ಬಳು ಬಳೆ ಮಾರಿದಳು, ಒಬ್ಬಳು ಮಗಳ ಕಾಲೇಜಿಗೆ ಅಂತ ಕೂಡಿಟ್ಟಿದ್ದನ್ನ ತಂದಳು. ಮೊದಲಿನ ಮೆಷಿನ್ನು ಒಳಗಿಟ್ಟ ಮೇಲೇ ಗೋಡೆ ಕಟ್ಟಿದ್ದು; ಇದು ಬಾಗಿಲಲ್ಲಿ ಹಿಡಿಸಲ್ಲ ಅಂತ ಗೋಡೆ ಕೂಡ ಒಡೆಸಿದ್ವಿ. ದುಡ್ಡು ಹಾಕಿದ ಮೇಲೆ ಅವನ ನಂಬರೇ ಇಲ್ಲ, ಜಾಹೀರಾತೂ ಇಲ್ಲ. ಗೋಡೆ ಹಾಗೇ ಬಾಯಿ ಬಿಟ್ಕೊಂಡು ನಿಂತಿದೆ."

"ಪೊಲೀಸು?"

"ದೂರು ಬರ್ಕೊಂಡಿದ್ದಾರೆ. ತುಂಬ ದಿನ ಹಿಡಿಯುತ್ತೆ ಅಂದ್ರು. ಆದ್ರೆ ನಮ್ಮಲ್ಲಿ ಹಿರಿಯಳು ಗೋಂದಮ್ಮ ಇದ್ದಾಳಲ್ಲ, ಗೋಂದು ಹಚ್ಚೋಳು, ಅವಳು ಎಲ್ಲರ ಎದುರಿಗೆ ಕೇಳಿಬಿಟ್ಟಳು: 'ಮಾರುವವನ ಜೊತೆ ವ್ಯವಹಾರ ಮಾಡಿದ್ದು ನೀನೊಬ್ಬಳೇ. ಅಂಥವನೊಬ್ಬ ನಿಜವಾಗಿ ಇದ್ನೋ, ನೀನೇ ಹುಟ್ಟಿಸಿದ್ಯೋ?' ನಾಳೆ ಮಧ್ಯಾಹ್ನ ಸಭೆ ಸೇರಿಸಿ ನನ್ನನ್ನ ತೆಗೆದುಹಾಕ್ತಾರೆ. ದುಡ್ಡು ಹೋದ್ರೆ ದುಡೀಬಹುದಮ್ಮ. ಹೆಸರು ಹೋದ್ರೆ ಯಾವ ಬೈಂಡಿಂಗ್ ಶೆಡ್ಡಲ್ಲಿ ನನಗೆ ಸೂಜಿ ಕೊಡ್ತಾರೆ?"

ಸೋದರಮಾವ ಕಣ್ಣೊರೆಸಿಕೊಂಡ. "ನಮ್ಮ ಪುಟ್ಟಿ ಅಂಥವಳಲ್ಲ ಅಂತ ನಾನು ಬಡ್ಕೊಂಡೆ. ಯಾರು ಕೇಳ್ತಾರೆ?"

ಅತ್ತೆ ಅವಳತ್ತಲೇ ನೋಡುತ್ತಿದ್ದರು. "ಅವನ ದನಿ ಕೇಳಿದ್ಯಾ?"

"ಇಲ್ಲ. ಗಂಟಲು ಆಪರೇಷನ್ ಆಗಿದೆ, ಮಾತಾಡೋ ಹಾಗಿಲ್ಲ ಅಂತ ಬರೀ ಮೆಸೇಜು. ಬಂದು ನೋಡ್ತೀವಿ ಅಂದ್ರೆ, ಗೋಡೌನ್ ಕೀಲಿ ಪಾಲುದಾರನ ಹತ್ರ ಇದೆ, ಇನ್ನೊಬ್ರು ಕಾಯ್ತಿದ್ದಾರೆ ಅಂದ."

"ಬಾಯಿಲ್ಲ, ಬಾಗಿಲಿಲ್ಲ, ಪುರುಸೊತ್ತೂ ಇಲ್ಲ" ಎಂದು ನಾನು ಜಾಣನಂತೆ ಹೇಳಿದೆ. "ಇಷ್ಟಾದ ಮೇಲೂ ದುಡ್ಡು ಹಾಕಿದ್ರಾ? ಅಂತರ್ಜಾಲದಲ್ಲಿ ಯಾರದೋ ಫೋಟೋ ಕದ್ದು ಹಾಕಿರ್ತಾನೆ."

ಸೂಜಿಯಕ್ಕ ನನ್ನನ್ನು ಚುಚ್ಚುವಂತೆ ನೋಡಿದಳು. "ನಾನೂ ಹಾಗೇ ಅಂದ್ಕೊಂಡೆ ಸ್ವಾಮಿ. ಅದಕ್ಕೇ ಪರೀಕ್ಷೆ ಮಾಡಿದೆ. ಊಟದ ಹೊತ್ತಲ್ಲಿ ಐವರೂ ತಾರಸಿ ಮೇಲೆ ಕೂತಿದ್ವಿ. ಈಗಲೇ ಮೆಷಿನ್ ಮೇಲೆ ಚಾಕ್‌ನಲ್ಲಿ ಒಂದು ನಕ್ಷತ್ರ ಬರೆದು, ಓಡಿಸಿ ವಿಡಿಯೋ ಕಳಿಸು ಅಂತ ಮೆಸೇಜ್ ಹಾಕಿದೆ. ನಾವು ಕೈ ತೊಳೆಯೋದ್ರೊಳಗೆ ಕಳಿಸಿದ. ಕದ್ದ ಫೋಟೋ ಮೇಲೆ ನಕ್ಷತ್ರ ಹೇಗೆ ಬರುತ್ತೆ?"

ನನ್ನ ಜಾಣತನಕ್ಕೆ ಅಲ್ಲಿಗೇ ಮಂಗಳಾರತಿ ಆಯಿತು.

ಅತ್ತೆ ಬೆನ್ನು ನೇರ ಮಾಡಿ ಕೂತರು. "ಹಾಗಾದ್ರೆ ಮೆಷಿನ್ನು ಇದೆ. ಆ ಹೊತ್ತಲ್ಲಿ ಅವನ ಕೈಗೆ ಎಟುಕೋ ಹಾಗಿತ್ತು. ತೋರಿಸು ನೋಡೋಣ."

ಫೋನಿನಲ್ಲಿ ವಿಡಿಯೋ ಓಡಿತು. ನೀಲಿ ಟಾರ್ಪಾಲು ಇಳಿಬಿಟ್ಟ ಹಿನ್ನೆಲೆ. ಅದರ ಮುಂದೆ ಹಸಿರು ಬಣ್ಣದ ಕಬ್ಬಿಣದ ಮೆಷಿನ್ನು. ಎದೆಯ ಮೇಲೆ ಚಾಕ್‌ನ ನಕ್ಷತ್ರ. ಕಂಪನಿಯ ಹೆಸರಿನ ತಗಡಿರುವ ಜಾಗದಲ್ಲಿ ಒಂದು ಹಳದಿ ಒರೆಸುಬಟ್ಟೆ ನೇತಾಡುತ್ತಿತ್ತು. ಬಲಗಡೆಯ ಮುಂಗಾಲಿನ ಕೆಳಗೆ, ಅಲುಗದಿರಲೆಂದೋ ಏನೋ, ಕೆಂಪು ಅಂಚಿನ ರಟ್ಟಿನ ತುಂಡೊಂದನ್ನು ಸೇರಿಸಿದ್ದರು. ಕೈಗವಸು ತೊಟ್ಟ ಎರಡು ಕೈಗಳು ಕಾಗದದ ಕಟ್ಟು ಇಟ್ಟು, ಮೇಲಿನ ಚಕ್ರವನ್ನು ಎಡಕ್ಕೆ ತಿರುಗಿಸಿದವು. ಒಂದು ಕಬ್ಬಿಣದ ಹಲಗೆ ಇಳಿದು ಕಾಗದವನ್ನು ಅದುಮಿ ಹಿಡಿಯಿತು. ಆಮೇಲೆ ಬ್ಲೇಡು ಇಳಿದು ಕಾಗದವನ್ನು ಬೆಣ್ಣೆಯಂತೆ ಕತ್ತರಿಸಿತು. ಮುಖ ಎಲ್ಲೂ ಕಾಣಲಿಲ್ಲ.

"ಮಾರೋ ಮೆಷಿನ್ನಿನ ಹೆಸರನ್ನೇ ಮುಚ್ಚಿದ್ದಾನಲ್ಲ" ಎಂದರು ಅತ್ತೆ. ಆಮೇಲೆ ಸೋದರಮಾವನ ಕಡೆ ತಿರುಗಿ, "ಯಜಮಾನರೇ, ಇದರ ಕೆಲಸ ಬಲ್ಲವರು ನೀವು. ದುಡ್ಡು ಹಾಕೋ ಮುಂಚೆ ವಿಡಿಯೋ ನೋಡಿದ್ರಾ?" ಎಂದು ಕೇಳಿದರು.

"ನೂರು ಸಲ ನೋಡಿದೆ. ಚಿನ್ನದಂಥ ಮೆಷಿನ್ನು, ಬಿಡಬೇಡಿ ಅಂತ ನಾನೇ ಹೇಳಿದೆ. ಆ ಚಕ್ರ ಎಷ್ಟು ಸಲೀಸಾಗಿ ತಿರುಗುತ್ತೆ ನೋಡಿ. ಮೋಸಗಾರ ನಮ್ಮನ್ನೆಲ್ಲ ಕುರಿ ಮಾಡಿದ. ಎಲ್ಲೋ ದೂರದ ಊರಿನವನು, ಹೇಗೆ ಹಿಡೀತೀರಿ?"

"ನೋಡೋಣ" ಎಂದರು ಅತ್ತೆ. "ಅಳಿಯಂದಿರೇ, ಸ್ಕೂಟರ್ ತೆಗೀರಿ."

ಶೆಡ್ಡಿನ ಗೋಡೆಯ ಮುಂದೆ ಸ್ಕೂಟರ್ ನಿಲ್ಲಿಸಿದೆ. ಬಾಗಿಲ ಪಕ್ಕ ಎತ್ತಿನಗಾಡಿ ನುಗ್ಗುವಷ್ಟು ತೂತು, ಕೆಳಗೆ ಇಟ್ಟಿಗೆಯ ರಾಶಿ. ಒಳಗೆ ಹೊಸ ಮೆಷಿನ್ನಿಗೆಂದು ಖಾಲಿ ಮಾಡಿಟ್ಟ ಜಾಗ. ಅಲ್ಲಿ ಯಾರೂ ಕಾಲಿಡುತ್ತಿರಲಿಲ್ಲ, ಸುತ್ತು ಹಾಕಿಕೊಂಡು ಓಡಾಡುತ್ತಿದ್ದರು. ಸೋದರಮಾವ ರಟ್ಟು ತರಲು ಪೇಟೆಗೆ ಹೋಗಿದ್ದನಂತೆ. ಗೋಂದಮ್ಮ ಬಕೆಟ್ಟಿನಲ್ಲಿ ಗೋಂದು ಕಲಸುತ್ತಾ ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು.

"ವಕೀಲರನ್ನ ಕರ್ಕೊಂಡು ಬಂದ್ಯೇನೇ ಸೂಜಿ?"

"ನಾನು ಗುಜರಿಯವಳಮ್ಮ" ಎಂದರು ಅತ್ತೆ ತಣ್ಣಗೆ. "ಊಟಕ್ಕೆ ಎಲ್ಲರೂ ಮೇಲೆ ಹೋಗ್ತೀರಾ?"

"ಐವರೂ ಹೋಗ್ತೀವಿ. ಅದೊಂದೇ ಹೊತ್ತು ನಮಗೆ ಗಾಳಿ ಬೆಳಕು ಸಿಗೋದು. ಇವಳ ಮಾವ ಬರಲ್ಲ. ಐದು ಹೆಂಗಸರ ಮಧ್ಯೆ ನನಗೇನು ಕೆಲಸ ಅಂತ ಇಲ್ಲೇ ಉಂಡು ಒಂದು ಕಣ್ಣು ನಿದ್ದೆ ತೆಗೀತಾನೆ. ಗೋಡೆ ಒಡೆಯೋ ಮುಂಚೆ ಒಳಗಿಂದ ಚಿಲಕ ಬೇರೆ ಹಾಕ್ಕೊಳ್ತಿದ್ದ. ಎದ್ದ ಮೇಲೇ ನಮಗೆ ಬಾಗಿಲು."

"ಈ ಮೆಷಿನ್ನು ನೀವ್ಯಾರೂ ಓಡಿಸಲ್ವಾ?"

"ಅಯ್ಯೋ, ಬ್ಲೇಡಿನ ಹತ್ರ ಸುಳಿಯೋಕೂ ಬಿಡಲ್ಲ. ಬೆರಳು ಹೋದಾವು ಅಂತ ಬೈತಾನೆ."

ಕಟಿಂಗ್ ಮೆಷಿನ್ನಿಗೆ ಹೊದಿಸಿದ್ದ ಬಟ್ಟೆಯನ್ನು ಅತ್ತೆ ಎತ್ತಿ ನೋಡಿದರು. ಬಟ್ಟೆಯ ಒಳಮೈ ಮುಟ್ಟಿದ ಬೆರಳುಗಳು ಬೆಳ್ಳಗಾದವು. ಅದನ್ನು ನನ್ನ ಅಂಗಿಯ ತೋಳಿಗೆ ಒರೆಸಿದರು. ಕಾಗದದ ಧೂಳು ಅಂದುಕೊಂಡು ನಾನು ಮುಖ ಸಿಂಡರಿಸಿದೆ. ಆಮೇಲೆ, ಮೂರು ಮೆಟ್ಟಿಲು ಹತ್ತಲೂ ನನ್ನ ಹೆಗಲು ಕೇಳುವ ನನ್ನ ಅತ್ತೆ ಯಾರ ಸಹಾಯವೂ ಇಲ್ಲದೆ ನೆಲಕ್ಕೆ ಕೂತು ಮೆಷಿನ್ನಿನ ಕಾಲುಗಳನ್ನು ನೋಡಿದರು. ಎಡಗಡೆಯ ಮುಂಗಾಲಿನ ಕೆಳಗೆ ಕೆಂಪು ರೆಕ್ಸಿನ್ ಅಂಟಿಸಿದ ರಟ್ಟಿನ ತುಂಡಿತ್ತು.

"ನೆಲ ಆ ಕಡೆ ಇಳಿಜಾರು" ಎಂದಳು ಸೂಜಿಯಕ್ಕ. "ಅದನ್ನ ನಾನೇ ಮಾಡಿಕೊಟ್ಟಿದ್ದು."

ಅತ್ತೆ ಆ ರಟ್ಟನ್ನು ಬೆರಳಿನಿಂದ ಒತ್ತಿ ನೋಡಿದರು. ಏಳಿಸಲು ಮಾತ್ರ ನಾನೇ ಬೇಕಾಯಿತು.

ಮನೆಗೆ ಬಂದವರೇ ಸಕ್ಕರೆ ಡಬ್ಬಿ ನನ್ನ ಕೈಗಿಟ್ಟು, "ಮುಚ್ಚಳವನ್ನ ಎಡಕ್ಕೆ ತಿರುಗಿಸಿ ಬಿಗಿ ಮಾಡಿ" ಎಂದರು. ಅತ್ತೆ ಮಾತು ಮೀರಲಾದೀತೇ? ತಿರುಗಿಸಿದೆ. ಮುಚ್ಚಳ ಕಿತ್ತುಕೊಂಡು ಬಂತು, ಅಡುಗೆಮನೆ ತುಂಬಾ ಸಕ್ಕರೆ ಚೆಲ್ಲಿತು. ಹೆಂಡತಿ ಪೊರಕೆಯನ್ನು ನನ್ನ ಕೈಗೇ ಕೊಟ್ಟಳು. ಅತ್ತೆ ನಗಲಿಲ್ಲ, ಕಿಟಕಿಯಾಚೆ ನೋಡುತ್ತಾ, "ಪಾಪದ ಹೆಣ್ಣು" ಎಂದರು.

ಮಾರನೇ ಮಧ್ಯಾಹ್ನ ಶೆಡ್ಡಿನಲ್ಲಿ ಎಲ್ಲರೂ ಸೇರಿದರು. ನಾಲ್ಕು ಹೆಂಗಸರು ಕಾಗದದ ಕಟ್ಟುಗಳ ಮೇಲೆ ಒಂದು ಕಡೆ, ಸೂಜಿಯಕ್ಕ ಒಬ್ಬಳೇ ಇನ್ನೊಂದು ಕಡೆ. ಸೋದರಮಾವ ಅವಳ ಹಿಂದೆ ನಿಂತಿದ್ದ. ಗೋಂದಮ್ಮ ಬಾಯಿ ತೆರೆಯುವ ಮೊದಲೇ ಅತ್ತೆ ಶುರುಮಾಡಿದರು.

"ನನ್ನದು ಎರಡೇ ಮಾತು. ಈ ಮೋಸಗಾರ ನಿಜವಾಗಿ ಇದ್ದಾನೆ. ಅವನ ಮೆಷಿನ್ನೂ ಇದೆ. ಅದನ್ನ ನೀವೆಲ್ಲ ನೋಡಿದ್ದೀರಿ."

"ವಿಡಿಯೋದಲ್ಲಿ ನೋಡಿದೀವಿ, ಅದರಲ್ಲೇನು ಹೊಸದು?" ಎಂದಳು ಗೋಂದಮ್ಮ.

"ಅಳಿಯಂದಿರೇ, ಸ್ಟುಡಿಯೋದಲ್ಲಿ ಫೋಟೋನ ಎಡಬಲ ಮಗುಚ್ತೀರಲ್ಲ, ಈ ವಿಡಿಯೋನೂ ಹಾಗೇ ಮಗುಚಿ."

ಅದು ದಿನವೂ ಮಾಡುವ ಕೆಲಸ. ಬೈತಲೆ ಆ ಕಡೆ ಹೋಯ್ತು, ಮಚ್ಚೆ ಈ ಕಡೆ ಬಂತು ಎಂದು ಗಿರಾಕಿಗಳು ಗಲಾಟೆ ಮಾಡಿದಾಗೆಲ್ಲ ಮಗುಚಿ ಕೊಡುವವನು ನಾನು. ವಿಡಿಯೋ ಮಗುಚಿ, ಫೋನನ್ನು ಮೆಷಿನ್ನಿನ ಪಕ್ಕದಲ್ಲೇ ಹಿಡಿದೆ.

ಬಲಗಾಲಿನ ಕೆಳಗಿದ್ದ ರಟ್ಟು ಎಡಗಾಲಿಗೆ ಬಂತು. ಎಡಕ್ಕೆ ತಿರುಗುತ್ತಿದ್ದ ಚಕ್ರ ಬಲಕ್ಕೆ ತಿರುಗಿತು. ಫೋನಿನಲ್ಲಿ ಒಂದು, ಪಕ್ಕದಲ್ಲೊಂದು, ಎರಡೂ ಒಂದೇ ಮೆಷಿನ್ನು.

ಬಳೆ ಮಾರಿದ್ದ ಹೆಂಗಸು ಬರಿಗೈಯಿಂದ ಬಾಯಿ ಮುಚ್ಚಿಕೊಂಡಳು.

"ನಿಮ್ಮ ಮೆಷಿನ್ನನ್ನೇ ನಿಮಗೆ ಮಾರಿದ್ದಾರಮ್ಮ" ಎಂದರು ಅತ್ತೆ. "ಲೋಕದಲ್ಲಿರೋ ತಿರುಪು, ಡಬ್ಬಿ ಮುಚ್ಚಳ ಎಲ್ಲ ಬಲಕ್ಕೆ ತಿರುಗಿಸಿದ್ರೆ ಬಿಗಿಯಾಗೋದು. ಈ ವಿಡಿಯೋದಲ್ಲಿ ಮಾತ್ರ ಎಡಕ್ಕೆ ತಿರುಗಿಸಿ ಕಾಗದ ಅದುಮ್ತಿದ್ದ. ಆಗಲೇ ನನಗೆ ಅನುಮಾನ ಬಂತು, ಇದು ಮಗುಚಿದ ಚಿತ್ರ ಅಂತ. ಹೆಸರಿನ ತಗಡು ಮುಚ್ಚಿದ್ದೂ ಅದಕ್ಕೇ. ಅಕ್ಷರ ತಿರುಗುಮುರುಗಾಗಿ ಕಂಡಿದ್ರೆ ಗುಟ್ಟು ಬಯಲಾಗ್ತಿತ್ತು. ನಕ್ಷತ್ರಕ್ಕೆ ಎಡ ಬಲ ಇಲ್ಲ, ಅದು ಅವನ ಪುಣ್ಯ. ಆದ್ರೆ ಯಾಕೆ ಮಗುಚಬೇಕು? ನೋಡೋರಿಗೆ ಅದರ ಗುರುತು ಸಿಕ್ಕುತ್ತೆ ಅನ್ನೋ ಭಯಕ್ಕೆ. ದಿನಾ ನೋಡೋರಿಗೆ ತಾನೇ ಗುರುತು ಸಿಗೋದು? ಅದಕ್ಕೇ ಇಲ್ಲಿಗೆ ಬಂದೆ. ರಟ್ಟು ಸಿಕ್ತು. ಒರೆಸಿದರೂ ಹೋಗದ ಚಾಕ್ ಹೊದಿಕೆ ಬಟ್ಟೆಗೆ ಮೆತ್ತಿತ್ತು."

"ಹಾಗಾದ್ರೆ ನಮ್ಮಲ್ಲೇ ಒಬ್ಬಳು..." ಎಂದಳು ಗೋಂದಮ್ಮ.

"ಇಲ್ಲ. ನಕ್ಷತ್ರ ಬರಿ ಅಂತ ಸೂಜಿ ಕೇಳಿದಾಗ ನೀವೈವರೂ ತಾರಸಿ ಮೇಲಿದ್ರಿ. ಕೈ ತೊಳೆಯೋದ್ರೊಳಗೆ ನಕ್ಷತ್ರ ಬಂತು. ನೀವು ಕಳ್ಳಿ ಅಂದವಳು ನಿಮ್ಮ ಪಕ್ಕದಲ್ಲೇ ಕೂತು ಊಟ ಮಾಡ್ತಿದ್ದಳು. ಆಗ ಗೋಡೆ ಇನ್ನೂ ಒಡೆದಿರಲಿಲ್ಲ. ಕೆಳಗೆ, ಒಳಗಿಂದ ಚಿಲಕ ಹಾಕ್ಕೊಂಡಿದ್ದವರು ಬೇರೆ."

ಯಾರೂ ತಿರುಗಿ ನೋಡಲಿಲ್ಲ. ತಿರುಗಿ ನೋಡಿದರೆ ಅದು ನಿಜವಾಗಿಬಿಡುತ್ತದೆಂಬ ಹೆದರಿಕೆ ನನಗೂ ಇತ್ತು.

"ಯಜಮಾನರೇ," ಅತ್ತೆಯ ದನಿ ಮೆತ್ತಗಿತ್ತು, "ನನ್ನಂಥವಳಿಗೆ ಆ ಚಕ್ರ ತಪ್ಪು ಅನ್ನಿಸ್ತು. ಜೀವಮಾನ ಪೂರ್ತಿ ಅದನ್ನೇ ತಿರುಗಿಸಿದ ನೀವು ನೂರು ಸಲ ನೋಡಿ, ಎಷ್ಟು ಸಲೀಸಾಗಿ ತಿರುಗುತ್ತೆ ಅಂದ್ರಿ. ಕಾಣಲಿಲ್ಲ ಅಂದ್ರೆ ನಂಬಲ್ಲ. ಕಂಡೂ ಹೇಳಲಿಲ್ಲ. ಗಂಟಲು ಕೆಟ್ಟಿದೆ ಅಂದದ್ದೂ ಅದಕ್ಕೇ. ಒಂದು ಮಾತಾಡಿದ್ರೂ ಸಾಕಿದ ಹೆಣ್ಣಿಗೆ ದನಿ ಗೊತ್ತಾಗ್ತಿತ್ತು."

ಸೂಜಿಯಕ್ಕ ಎದ್ದು ನಿಂತಳು. "ಅಲ್ಲ ಅಂತ ಹೇಳು ಮಾವ."

ಅವನು ಮೆಷಿನ್ನಿನ ಕಡೆ ಮುಖ ತಿರುಗಿಸಿದ.

"ನನ್ನನ್ನ ಕಳ್ಳಿ ಅಂದಾಗ ನೀನೂ ಕಣ್ಣೀರು ಹಾಕಿದ್ಯಲ್ಲ ಮಾವ. ನಿನ್ನೆ ನನ್ನ ತಲೆ ಮೇಲೆ ಕೈಯಿಟ್ಟೆಯಲ್ಲ."

"ಅದು ನಾಟಕ ಅಲ್ಲ ಪುಟ್ಟಿ" ಎಂದ ಅವನು. ಮೆಷಿನ್ನಿನ ಚಕ್ರ ಹಿಡಿದುಕೊಂಡ. "ನಿನ್ನ ಮೇಲೆ ಬರುತ್ತೆ ಅಂತ ಅನ್ಕೊಂಡಿರಲಿಲ್ಲ. ದುಡ್ಡು ವಾಪಸ್ ಕೊಡಬೇಕು ಅಂತಲೇ ಇದ್ದೆ. ನಾಲ್ಕು ದಿನ ತಾಳಿ, ನನ್ನ ಲೇತು ಬರುತ್ತೆ. ಮಾರಿ ಎಲ್ಲರದ್ದೂ ತೀರಿಸ್ತೀನಿ."

"ಯಾವ ಲೇತು?" ಎಂದು ಕೇಳಿದ್ದು ನಾನು.

ಆಮೇಲೆ ಅವನು ಹೇಳಿದ್ದನ್ನು ಕೇಳಿ ನನಗೆ ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಕೈ ಗಟ್ಟಿಯಿರುವಾಗಲೇ ಸ್ವಂತದ್ದೊಂದು ಸಣ್ಣ ವರ್ಕ್‌ಶಾಪ್ ಹಾಕಬೇಕೆಂದು ಅವನು ಆನ್‌ಲೈನ್‌ನಲ್ಲಿ ಕಬ್ಬಿಣ ಕಡೆಯುವ ಹಳೇ ಲೇತ್ ಮೆಷಿನ್ನೊಂದಕ್ಕೆ ಮುಂಗಡ ಕಟ್ಟಿದ್ದ. ಆಮೇಲೆ ಸಾಗಣೆಗೆಂದು ಕೇಳಿದರು, ಕೊಟ್ಟ. ತೆರಿಗೆಗೆಂದು ಕೇಳಿದರು, ಕೊಟ್ಟ. ಕೊನೆಗೆ, ಗೋಡೌನಿನಿಂದ ಬಿಡಿಸಿಕೊಳ್ಳಲು ಒಂದು ದೊಡ್ಡ ಗಂಟು ಕಟ್ಟದಿದ್ದರೆ ಹಿಂದಿನದೆಲ್ಲ ಮುಳುಗಿತು ಎಂದರು. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಸೂಜಿ ಹಳೇ ಕಟಿಂಗ್ ಮೆಷಿನ್ನು ಹುಡುಕುತ್ತಿದ್ದಾಳೆಂದು ಗೊತ್ತಾದಾಗ, ತನಗೆ ಮಾಡಿದ್ದನ್ನೇ ಕಲಿತು, ಜಾಹೀರಾತು ಹಾಕಿ ಅವಳಿಗೆ ಮಾಡಿದ. ಗುಜರಿ ಮಾರ್ಕೆಟ್ಟಿನ ಒಬ್ಬನ ಸಿಮ್ಮು, ಬ್ಯಾಂಕ್ ಖಾತೆ ಎರಡನ್ನೂ ಎರವಲು ಪಡೆದು, ಐವರ ಹಣವನ್ನೂ ಬಂದ ಹಾಗೇ ಆ ಲೇತಿನವರಿಗೆ ಕಳಿಸಿದ್ದ.

"ಒಂಟೆ ಮುಳುಗಿದ ನೀರಲ್ಲಿ ಕುರಿಯನ್ನೂ ಇಳಿಸಿದ್ರಲ್ಲ ಯಜಮಾನರೇ" ಎಂದರು ಅತ್ತೆ.

"ಇಲ್ಲಮ್ಮ, ಅವರು ಒಳ್ಳೆಯವರು. ಫೋನಲ್ಲಿ ಮಾತಾಡ್ತಾರೆ. ಫೋಟೋ ಕಳಿಸಿದ್ದಾರೆ. ನೋಡಿ." ಅವನು ಫೋನು ನನ್ನ ಕೈಗೆ ಕೊಟ್ಟ. ದೇವರ ಪಟ ತೋರಿಸುವವನ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಬೂದುಬಣ್ಣದ ಲೇತು, ಹಿಂದೆ ಬಿಳಿ ಗೋಡೆ. ಈ ಸಲ ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಆ ಚಿತ್ರವನ್ನೇ ಅಂತರ್ಜಾಲಕ್ಕೆ ಹಾಕಿ, ಇಂಥದ್ದು ಇನ್ನೆಲ್ಲಿದೆ ಎಂದು ಹುಡುಕಿದೆ. ಪರದೆಯ ಮೇಲೆ ಸಾಲುಸಾಲಾಗಿ ಬಂತು. ಅದೇ ಲೇತು, ಅದೇ ಬಿಳಿ ಗೋಡೆ. ಬೇರೆ ಬೇರೆ ಊರು, ಬೇರೆ ಬೇರೆ ಮಾಲೀಕರು. ಒಂದು ಜಾಹೀರಾತು ನನಗೆ ಓದಲೂ ಬಾರದ ಭಾಷೆಯಲ್ಲಿತ್ತು.

ನಾನು ಫೋನು ಅವನ ಕಣ್ಣಿನ ಮುಂದೆ ಹಿಡಿದೆ. ಬೆರಳಿನಿಂದ ಒಂದೊಂದನ್ನೇ ಸರಿಸಿ ನೋಡಿದ. ಕೊನೆಯವರೆಗೂ ನೋಡಿದ. ಮತ್ತೆ ಮೊದಲಿನಿಂದ ನೋಡಿದ. ಆಮೇಲೆ, ಯಾರೂ ಕಾಲಿಡದ ಆ ಖಾಲಿ ಜಾಗದಲ್ಲಿ ಹೋಗಿ ಕೂತುಕೊಂಡ.

ಮೊದಲು ಮಾತಾಡಿದವಳು ಗೋಂದಮ್ಮ. ಗೋಂದು ಮೆತ್ತಿದ ಕೈಯನ್ನು ಸೆರಗಿಗೆ ಒರೆಸುತ್ತಾ ಸೂಜಿಯಕ್ಕನ ಎದುರು ಬಂದು ನಿಂತಳು. "ನನ್ನ ನಾಲಿಗೆ ಸುಟ್ಟುಹೋಗ. ನಿನ್ನ ಹತ್ರ ಕ್ಷಮೆ ಕೇಳೋಕೂ ಮುಖ ಇಲ್ಲ ಕಣೇ."

ಸೂಜಿಯಕ್ಕನಿಗೆ ಅದು ಕೇಳಿಸಿತೋ ಇಲ್ಲವೋ. ತನ್ನ ಹೆಸರು ಉಳಿಸಿಕೊಡಿ ಎಂದು ಬಂದಿದ್ದವಳು, ಹೆಸರು ಉಳಿಯಿತು. ಅವಳ ಮುಖ ನೋಡಿದರೆ, ಬೇಡವಾಗಿತ್ತು ಈ ಪತ್ತೇದಾರಿ ಎಂದು ನನಗೇ ಅನ್ನಿಸಿತು.

"ಕೇಳಿದ್ರೆ ಕೊಡ್ತಿದ್ದೆನಲ್ಲ ಮಾವ" ಎಂದಳು.

"ಕೇಳೋಕೆ ನಾಚಿಕೆ ಆಯ್ತು ಪುಟ್ಟಿ."

"ಕದಿಯೋಕೆ ಆಗಲಿಲ್ವಾ?"

ಅತ್ತೆ ಕೋಲು ಊರಿಕೊಂಡು ಎದ್ದರು. ಪೊಲೀಸರಿಗೆ ಹೇಳುವುದು ಬಿಡುವುದು ಹಣ ಕಳೆದುಕೊಂಡವರಿಗೆ ಸೇರಿದ್ದು ಎಂದರು. ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಳಿದ ನಾಲ್ವರೂ ಸೂಜಿಯಕ್ಕನ ಬಾಯಿ ನೋಡಿದರು. ಅವಳು ಕಣ್ಣೊರೆಸಿಕೊಂಡು ಹೇಳಿದಳು: "ಸಂಜೆ ಸ್ಟೇಷನ್ನಿಗೆ ನಾನೇ ಕರ್ಕೊಂಡು ಹೋಗ್ತೀನಿ. ಮೊದಲು ನಿನಗಾದ ಮೋಸ ಬರೆಸು. ಅದನ್ನ ನೀನು ಮುಚ್ಚಿಟ್ಟಿದ್ದಕ್ಕೇ ಇದೆಲ್ಲ ಆಗಿದ್ದು. ಆಮೇಲೆ ನೀನು ಮಾಡಿದ್ದನ್ನ ಬರೆಸು. ಒಂದು ಅಕ್ಷರ ಬಿಡೋ ಹಾಗಿಲ್ಲ."

ಅವನು ತಲೆಯಾಡಿಸಿದ.

ಹೊರಡೋಣವೆಂದು ಅತ್ತೆಗೆ ಹೆಗಲು ಕೊಟ್ಟೆ. ಅಷ್ಟರಲ್ಲಿ ಸೂಜಿಯಕ್ಕ ಒಂದು ಕಟ್ಟು ಕಾಗದ ಎತ್ತಿಕೊಂಡು ಕಟಿಂಗ್ ಮೆಷಿನ್ನಿನ ಮುಂದೆ ಹೋಗಿ ನಿಂತಳು. ಶಾಲೆ ಪುಸ್ತಕಗಳು ಹಾಗೇ ಬಿದ್ದಿದ್ದವು. ಆ ಮೆಷಿನ್ನು ನಡೆಸಲು ಶೆಡ್ಡಿನಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

"ಸಂಜೆಯೊಳಗೆ ನನಗೆ ಕಲಿಸು" ಎಂದಳು, ಅವನ ಕಡೆ ನೋಡದೆ. "ಅಲ್ಲೇ ಕೂತು ಹೇಳು. ಮೆಷಿನ್ನು ಮುಟ್ಟಬೇಡ."

ಅವಳು ಕಾಗದ ಇಟ್ಟು ಚಕ್ರದ ಮೇಲೆ ಎರಡೂ ಕೈಯಿಟ್ಟಳು. ಆಮೇಲೆ ಕಾದಳು. ಆ ಖಾಲಿ ಜಾಗದಿಂದ ದನಿ ಬಂತು.

"ಬಲಕ್ಕೆ, ಪುಟ್ಟಿ. ಬಲಕ್ಕೆ ತಿರುಗಿಸು."